ಹಿಮದ ನಡುವೆ ಒಂದು ಖಾಲಿ ಹೋಟೆಲು

2006ರ ಅಕ್ಟೋಬರಿನಲ್ಲಿ ನಾರ್ವೆಯ ಚಿತ್ರಮಂದಿರಗಳಿಗೆ 'ಫ್ರಿಟ್ ವಿಲ್ಟ್' ಎಂಬ ಸಿನಿಮಾ ಬಂತು. ರೋರ್ ಉಥೌಗ್ ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಚಿತ್ರವಿದು. ಹೊರದೇಶಗಳಲ್ಲಿ ಇದು 'ಕೋಲ್ಡ್ ಪ್ರೇ' ಎಂಬ ಹೆಸರಿನಿಂದ ಪರಿಚಿತ. ಇಂಗ್ಲಿಷ್ ಹೆಸರು ಚಳಿಯನ್ನು ಮುಂದಿಟ್ಟಿತು, ಆದರೆ ಮೂಲದ ಹೆಸರಿನಲ್ಲಿ ಚಳಿಯ ಸುಳಿವೇ ಇಲ್ಲ. 'ವಿಲ್ಟ್' ಎಂದರೆ ಬೇಟೆಯ ಪ್ರಾಣಿ, ನಮ್ಮ 'ಮಿಕ'. 'ಫ್ರಿಟ್' ಎಂದರೆ ಮುಕ್ತ. ಎರಡೂ ಸೇರಿದರೆ, ಯಾರು ಬೇಕಾದರೂ ಹೊಡೆಯಬಹುದಾದ, ಯಾವ ರಕ್ಷಣೆಯೂ ಇಲ್ಲದ ಮಿಕ ಎಂದು ಅರ್ಥ.

ಈ 'ಮುಕ್ತ' ಎಂಬ ಮಾತು ನಾರ್ವೆಯವರಿಗೆ ಬಹಳ ಪ್ರಿಯವಾದದ್ದು. ಬೆಟ್ಟ, ಕಾಡು, ಹಿಮದಲ್ಲಿ ಅಲೆಯುವ ಬದುಕನ್ನು ಅವರು 'ಫ್ರಿಲುಫ್ಟ್ಸ್‌ಲಿವ್' ಎನ್ನುತ್ತಾರೆ. ಪದಶಃ ಹೇಳಿದರೆ 'ಮುಕ್ತ ಗಾಳಿಯ ಬದುಕು'. 19ನೇ ಶತಮಾನದ ಮಧ್ಯದಲ್ಲಿ ಹೆನ್ರಿಕ್ ಇಬ್ಸೆನ್ ತನ್ನ ಕವಿತೆಯೊಂದರಲ್ಲಿ ಬಳಸಿದ ಮೇಲೆ ಈ ಪದ ಇಡೀ ದೇಶದ್ದಾಯಿತು. ಇಲ್ಲಿ ಮುಕ್ತಿ ಕೊಡುವ ಅದೇ ವಿಶೇಷಣ ಸಿನಿಮಾದ ಹೆಸರಿನಲ್ಲಿ ಮನುಷ್ಯನನ್ನು ಮಿಕವಾಗಿಸುತ್ತದೆ. ಆ ದೇಶದ ಪ್ರೇಕ್ಷಕರು ಯಾಕೆ ಹೆದರಿದರು ಎಂದು ತಿಳಿಯಲು ಇಲ್ಲಿಂದಲೇ ಶುರುಮಾಡಬೇಕು.

ಕತೆ ಸರಳ. ಐವರು ಸ್ನೇಹಿತರು ಸ್ನೋಬೋರ್ಡಿಂಗ್‌ಗೆಂದು ಯೋಟುನ್‌ಹೈಮೆನ್ ಪರ್ವತಗಳಿಗೆ ಹೋಗುತ್ತಾರೆ. ಅವರಲ್ಲೊಬ್ಬನಾದ ಮೋರ್ಟನ್ ಟೋಬಿಯಾಸ್ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಕಾರು ದೂರದಲ್ಲಿದೆ, ಮೊಬೈಲ್‌ಗೆ ಸಿಗ್ನಲ್ ಇಲ್ಲ, ಕತ್ತಲಾಗುತ್ತಿದೆ. ಸಮೀಪದಲ್ಲಿ ಪಾಳುಬಿದ್ದ ಹೋಟೆಲೊಂದು ಕಾಣಿಸುತ್ತದೆ. 1970ರ ದಶಕದಲ್ಲಿ ಅದನ್ನು ನಡೆಸುತ್ತಿದ್ದ ದಂಪತಿಯ ಮಗ ಕಾಣೆಯಾದ ಮೇಲೆ ಮುಚ್ಚಿಹೋದ ಹೋಟೆಲದು. ಇವರು ಒಳಹೊಕ್ಕು ಬೆಂಕಿ ಹಾಕುತ್ತಾರೆ, ಜನರೇಟರ್ ಚಾಲೂ ಮಾಡುತ್ತಾರೆ, ಬಾಟಲಿ ತೆಗೆದು ಕೂರುತ್ತಾರೆ. ಆ ಹೋಟೆಲಿನಲ್ಲಿ ಪಿಕಾಸಿ ಹಿಡಿದ ಇನ್ನೊಬ್ಬ ಇದ್ದಾನೆ ಎಂಬುದು ಅವರಿಗೆ ಗೊತ್ತಿಲ್ಲ.

'ಸ್ಲ್ಯಾಷರ್' ಎಂದು ಕರೆಯುವ ಈ ಜಾತಿಯ ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಯುವಕ ಯುವತಿಯರ ಗುಂಪು, ಮುಖ ಕಾಣದ ಕೊಲೆಗಾರ, ಒಬ್ಬೊಬ್ಬರಾಗಿ ಸಾಯುವುದು, ಕೊನೆಗೆ ಒಬ್ಬಳು ಹುಡುಗಿ ಎದುರು ನಿಲ್ಲುವುದು. ಕೆನಡಾದ 'ಬ್ಲ್ಯಾಕ್ ಕ್ರಿಸ್ಮಸ್' (1974), ಅಮೆರಿಕದ 'ಹ್ಯಾಲೊವೀನ್' (1978), 'ಫ್ರೈಡೇ ದ ಥರ್ಟೀನ್ತ್' (1980) ಈ ಚೌಕಟ್ಟನ್ನು ಕಟ್ಟಿದವು. ಅಮೆರಿಕದ ಚಿತ್ರಗಳಲ್ಲಿ ಭಯ ಹುಟ್ಟಿದ್ದು ಊರಂಚಿನ ಸಾಲುಮನೆಗಳಲ್ಲಿ, ಮಕ್ಕಳ ಬೇಸಿಗೆ ಶಿಬಿರದಲ್ಲಿ. ಅಂದರೆ ಅಲ್ಲಿಯ ಮಧ್ಯಮವರ್ಗ ತನ್ನ ಮಕ್ಕಳು ಕ್ಷೇಮವಾಗಿರುತ್ತಾರೆಂದು ನಂಬಿದ್ದ ಜಾಗಗಳಲ್ಲಿ. ನಾರ್ವೆಯವರು ಹಾಗೆ ನಂಬಿದ ಜಾಗ ಯಾವುದು? ಬೆಟ್ಟದ ಮೇಲಿನ ತಂಗುಮನೆ.

ಈ ನಂಬಿಕೆಗೆ ಒಂದೂವರೆ ಶತಮಾನದ ಇತಿಹಾಸವಿದೆ. ಯೋಟುನ್‌ಹೈಮೆನ್ ಎಂಬ ಹೆಸರೇ ಅಷ್ಟು ಹಳೆಯದಲ್ಲ. ಕವಿ ಓಸ್‌ಮುಂಡ್ ಓಲಾವ್ಸನ್ ವಿನ್ಯೆ 1862ರಲ್ಲಿ ಅದನ್ನು ಬಳಕೆಗೆ ತಂದ. ನಾರ್ಸ್ ಪುರಾಣಗಳಲ್ಲಿ ದೇವತೆಗಳ ಎದುರಾಳಿಗಳಾದ ದೈತ್ಯರು 'ಯೋಟುನ್'ಗಳು. ಅವರ ಮನೆಯೇ ಯೋಟುನ್‌ಹೈಮೆನ್. ಉತ್ತರ ಯುರೋಪಿನ ಅತಿ ಎತ್ತರದ ಶಿಖರ, 2,469 ಮೀಟರಿನ ಗಾಲ್ಡ್‌ಹೋಪಿಗ್ಗನ್ ಇರುವುದು ಇಲ್ಲೇ. ಹೆಸರು ಬಿದ್ದು ಆರು ವರ್ಷಕ್ಕೆ, 1868ರಲ್ಲಿ, ಬ್ಯಾಂಕರ್ ಥಾಮಸ್ ಹೆಫ್ಟ್ಯೆ ಮುಂದಾಳತ್ವದಲ್ಲಿ ನಾರ್ವೆಯ ಪ್ರವಾಸಿ ಸಂಘ ಹುಟ್ಟಿತು. ದೈತ್ಯರ ಮನೆಗೆ ಸಾಮಾನ್ಯ ಜನರೂ ಹೋಗಿ ಬರುವಂತಾಗಲಿ ಎಂದು ಆ ಸಂಘ ದಾರಿಗಳನ್ನು ಗುರುತುಮಾಡಿತು, ಹಳ್ಳಗಳಿಗೆ ಕಾಲುಸೇತುವೆ ಹಾಕಿತು, ತಂಗುಮನೆಗಳನ್ನು ಕಟ್ಟಿತು. ಇವತ್ತು ದೇಶದುದ್ದಕ್ಕೂ ಅಂಥ ಸುಮಾರು 550 ಮನೆಗಳಿವೆ.

ಈ ಮನೆಗಳಲ್ಲಿ ಅನೇಕವು ನಡೆಯುವುದು ಬರೀ ನಂಬಿಕೆಯ ಮೇಲೆ. ಅಲ್ಲಿ ನೌಕರರಿಲ್ಲ. ಸದಸ್ಯರಿಗೆಲ್ಲ ಒಂದೇ ಬಗೆಯ ಕೀಲಿ. ಎಷ್ಟೋ ಕಡೆ ಬೀಗವೇ ಇಲ್ಲ. ಬಂದವರು ಒಲೆ ಹೊತ್ತಿಸಿಕೊಳ್ಳುತ್ತಾರೆ, ಉಗ್ರಾಣವಿದ್ದ ಕಡೆ ಡಬ್ಬಿ ಆಹಾರ ತೆಗೆದು ತಿನ್ನುತ್ತಾರೆ, ತೆಗೆದದ್ದನ್ನು ತಾವೇ ಬರೆದಿಟ್ಟು ದುಡ್ಡು ಕಟ್ಟುತ್ತಾರೆ. ಹೊರಡುವ ಮುಂಚೆ ನೆಲ ಗುಡಿಸಿ, ಮುಂದೆ ಬರುವ ಅಪರಿಚಿತನಿಗೆಂದು ಸೌದೆ ಸೀಳಿಡುತ್ತಾರೆ. 1957ರ ಕಾನೂನು ಯಾರ ಒಡೆತನದಲ್ಲಿದ್ದರೂ ಬೇಸಾಯವಿಲ್ಲದ ಬಯಲು, ಬೆಟ್ಟ, ಕಾಡುಗಳಲ್ಲಿ ಓಡಾಡುವ ಹಕ್ಕನ್ನು ಎಲ್ಲರಿಗೂ ಖಾತ್ರಿಮಾಡಿತು. ಹೀಗಾಗಿ ಹಿಮದಲ್ಲಿ ಕಾಣುವ ಮನೆಯ ಆಕಾರ ಅಲ್ಲಿಯವರ ಮನಸ್ಸಿನಲ್ಲಿ ಒಂದೇ ಅರ್ಥ ಹುಟ್ಟಿಸುತ್ತದೆ: ಇನ್ನು ಬದುಕಿದೆವು.

ಅಂಥ ಮನೆಯಲ್ಲಿ ಕುಳಿತು ಕೊಲೆಯ ಕತೆ ಓದುವುದೂ ಅವರ ಸಂಪ್ರದಾಯವೇ. 1923ರ ಮಾರ್ಚ್ 24ರಂದು, ಈಸ್ಟರ್ ರಜೆಗೆ ಸ್ವಲ್ಪ ಮುಂಚೆ, 'ಆಫ್ಟನ್‌ಪೋಸ್ಟೆನ್' ಪತ್ರಿಕೆಯ ಮುಖಪುಟದಲ್ಲಿ ಬರ್ಗನ್ ರೈಲು ರಾತ್ರಿ ಲೂಟಿಯಾಯಿತೆಂದು ದಪ್ಪಕ್ಷರಗಳಲ್ಲಿ ಅಚ್ಚಾಯಿತು. ಓದಿದವರಲ್ಲಿ ಕೆಲವರು ಗಾಬರಿಬಿದ್ದರು. ಅದು ಸುದ್ದಿಯಲ್ಲ, ಕಾದಂಬರಿಯ ಜಾಹೀರಾತು. ನೂರ್‌ದಾಲ್ ಗ್ರೀಗ್ ಮತ್ತು ನಿಲ್ಸ್ ಲೀ ಎಂಬ ಇಬ್ಬರು ಯುವಕರು ಗುಪ್ತನಾಮದಲ್ಲಿ ಬರೆದ ಆ ಪುಸ್ತಕದ ಹೆಸರೇ ಅದು. ಈಸ್ಟರ್‌ಗೆ ಬೆಟ್ಟ ಹತ್ತಿ ಅಪರಾಧದ ಕತೆ ಓದುವ 'ಪೋಸ್ಕೆಕ್ರಿಮ್' ಪದ್ಧತಿಯ ಬೇರನ್ನು ಇಲ್ಲೇ ಗುರುತಿಸುತ್ತಾರೆ. ಆದರೆ ಅದು ಸುಖದ ಭಯ. ಕೊಲೆ ಪುಸ್ತಕದೊಳಗೆ, ಓದುಗ ಕಂಬಳಿಯೊಳಗೆ.

ನಿಜವಾದ ಭಯ ಹೊರಗಿತ್ತು. ಬೆಟ್ಟಗಳಲ್ಲಿ ಅಪಘಾತಗಳು ಹೆಚ್ಚಿದಾಗ 1952ರಲ್ಲಿ ಬೆಟ್ಟದ ನಡವಳಿಕೆಯ ನಿಯಮಾವಳಿ ಹೊರಬಂತು. 1967ರ ಈಸ್ಟರ್ ರಜೆಯಲ್ಲಿ 18 ಜನ ಸತ್ತ ಮೇಲೆ ಅದನ್ನು ಮನೆಮನೆಗೆ ತಲುಪಿಸುವ ಪ್ರಚಾರ ನಡೆಯಿತು. ಹೋಗುವ ದಾರಿಯನ್ನು ತಿಳಿಸಿ ಹೋಗಿ, ಹವಾಮಾನ ನೋಡಿಕೊಳ್ಳಿ, ಹಿಂತಿರುಗುವುದರಲ್ಲಿ ನಾಚಿಕೆಯಿಲ್ಲ ಎಂಬಂಥ ಮಾತುಗಳು ಅಲ್ಲಿ ಮಕ್ಕಳಿಗೂ ಬಾಯಿಪಾಠ. ಉಥೌಗ್ ಈ ಪಾಠವನ್ನು ಚೆನ್ನಾಗಿ ಬಲ್ಲವನು. ಅವನ ಚಿತ್ರದಲ್ಲಿ ಗೆಳೆಯರ ಮೇಲೆ ಕೊಲೆಗಾರ ಬೀಳುವ ಮುಂಚೆ ಬೆಟ್ಟವೇ ಒಂದು ಏಟು ಕೊಟ್ಟಿರುತ್ತದೆ. ಕಾಲು ಮುರಿದ ಗೆಳೆಯನನ್ನು ಹೊತ್ತು ಹತ್ತಿರದ ಆಸರೆಗೆ ಸಾಗಿಸುವಾಗ ಆ ನಾಲ್ವರು ಮಾಡುವುದೆಲ್ಲ ಸರಿಯಾದದ್ದೇ. ಅಮೆರಿಕದ ಸ್ಲ್ಯಾಷರ್‌ನಲ್ಲಿ ಸಾಯುವವರು ಏನಾದರೊಂದು ಹದ್ದು ಮೀರಿರುತ್ತಾರೆ. ಇಲ್ಲಿ ಅವರು ನಿಯಮ ಪಾಲಿಸಿಯೇ ಸಾವಿನ ಮನೆ ಸೇರುತ್ತಾರೆ. ಮೊದಲು ಸಾಯುವ ಇಂಗುನ್ ಗೆಳೆಯನ ಒತ್ತಾಯಕ್ಕೆ ಒಲ್ಲೆ ಎಂದವಳು. ಹಳೆಯ ಸ್ಲ್ಯಾಷರ್‌ಗಳಲ್ಲಾದರೆ ಅವಳು ಉಳಿಯಬೇಕಿತ್ತು.

ಹಾಗಾದರೆ ಇಂಥ ಚಿತ್ರ ಬರಲು 2006ರವರೆಗೆ ಯಾಕೆ ಕಾಯಬೇಕಾಯಿತು? 1913ರ ಕಾನೂನು ನಾರ್ವೆಯಲ್ಲಿ ಸಿನಿಮಾ ಪ್ರದರ್ಶನದ ಪರವಾನಗಿಯನ್ನು ಪುರಸಭೆಗಳ ಕೈಗೆ, ಚಿತ್ರಗಳ ಪೂರ್ವಪರೀಕ್ಷೆಯನ್ನು ಸರ್ಕಾರಿ ಮಂಡಳಿಯ ಕೈಗೆ ಕೊಟ್ಟಿತ್ತು. ಆ ಮಂಡಳಿ ಬಿಗಿಯಾದದ್ದು. 1980ರಲ್ಲಿ ಅಲ್ಲಿ 'ಲೈಫ್ ಆಫ್ ಬ್ರಯಾನ್' ಹಾಸ್ಯಚಿತ್ರಕ್ಕೂ ನಿಷೇಧ ಬಿತ್ತು. ಪಕ್ಕದ ಸ್ವೀಡನ್ನಿನಲ್ಲಿ ಅದೇ ಜಾಹೀರಾತಾಯಿತು: ನಾರ್ವೆ ನಿಷೇಧಿಸುವಷ್ಟು ನಗಿಸುವ ಚಿತ್ರ! ಹಾಸ್ಯದ ಗತಿ ಹೀಗಿರುವಾಗ ರಕ್ತದ ಚಿತ್ರಗಳನ್ನು ಕೇಳುವವರಾರು? 1958ರಲ್ಲಿ ಕೋರೆ ಬರ್ಗ್‌ಸ್ಟ್ರೋಮ್ ನಿರ್ದೇಶಿಸಿದ, ಕಾಡಿನ ಕೊಳದ ಬಳಿಯ ಮನೆಯಲ್ಲಿ ನಡೆಯುವ 'ಡೆ ಡೋಡೆಸ್ ಟ್ಯೆರ್ನ್' ಹೆಸರಾಯಿತು. ಆಮೇಲೆ ದಶಕಗಟ್ಟಲೆ ಆ ಹಾದಿ ಹೆಚ್ಚೂಕಡಿಮೆ ಬರಿದು. 2001ರಲ್ಲಿ ಚಿತ್ರಗಳಿಗೆ ಹಣ ಕೊಡುವ ವ್ಯವಸ್ಥೆ ಬದಲಾಗಿ, ಜನ ನೋಡುವಂಥ ಚಿತ್ರಗಳಿಗೆ ಉತ್ತೇಜನ ಸಿಕ್ಕಿತು. 2003ರಲ್ಲಿ ಪೋಲ್ ಓಯಿಯ 'ವಿಲ್‌ಮಾರ್ಕ್' ಬಂತು. 2004ರಲ್ಲಿ ವಯಸ್ಕರ ಚಿತ್ರಗಳ ಮೇಲಿನ ಪೂರ್ವಸೆನ್ಸಾರ್ ಹೋಯಿತು. ಎರಡು ವರ್ಷಕ್ಕೆ 'ಫ್ರಿಟ್ ವಿಲ್ಟ್'.

ಆದರೆ ಚಿತ್ರ ಉಳಿದದ್ದು ರಕ್ತದಿಂದಲ್ಲ. ನಾರ್ವೆಯ ಜನಪದ ಕತೆಗಳಲ್ಲಿ ಬೆಟ್ಟದ ಟ್ರೋಲ್‌ಗಳು ಮನುಷ್ಯರನ್ನು ಒಳಗೆ ಸೆಳೆದುಕೊಳ್ಳುತ್ತವೆ. ಅದಕ್ಕೆ ಅವರ ಮಾತು 'ಬರ್ಗ್‌ಟಾಟ್', ಬೆಟ್ಟ ಹಿಡಿದವನು. ನಮ್ಮಲ್ಲಿ ದೆವ್ವ ಹಿಡಿದ ಹಾಗೆ ಅಲ್ಲಿ ಬೆಟ್ಟ ಹಿಡಿಯುತ್ತದೆ. ಇವತ್ತಿನ ಬಳಕೆಯಲ್ಲಿ ಆ ಪದಕ್ಕೆ ಮಾರುಹೋದವನು ಎಂಬ ಸೌಮ್ಯ ಅರ್ಥವೂ ಇದೆ. ಹೋಟೆಲಿನವರ ಮಗನನ್ನೂ ಬೆಟ್ಟವೇ ಕೊಂಡೊಯ್ದಿತೆಂದು ಜನ ನಂಬಿದ್ದರು. ಚಿತ್ರದ ಕೊನೆ ಹೇಳುವುದು ಬೇರೆ: ಅವನನ್ನು ಹಿಮದಲ್ಲಿ ಹೂತದ್ದು ಮನೆಯವರೇ. ದಾರಿ ತಪ್ಪಿ ಬಂದ ಅಪರಿಚಿತರಿಗೆ ಬಾಗಿಲು ತೆರೆಯುತ್ತಿದ್ದವರು ಸ್ವಂತ ಮಗನಿಗೆ ಅದನ್ನು ಮುಚ್ಚಿದ್ದರು. ಪಿಕಾಸಿ ಹಿಡಿದವನು ಹೊರಗಿನಿಂದ ನುಗ್ಗಿದ ಅನ್ಯನಲ್ಲ, ಆ ಹೋಟೆಲಿನ ಹಕ್ಕುದಾರ. ಬಾಗಿಲಿಗೆ ಬೀಗ ಜಡಿದು ಇಂಥವನನ್ನು ಹೊರಗಿಡುವುದು ಆಗದ ಮಾತು.

ಯಾನಿಕೆ ಪಾತ್ರಕ್ಕಾಗಿ ಇಂಗ್ರಿಡ್ ಬೋಲ್ಸೋ ಬರ್ಡಾಲ್ 2007ರಲ್ಲಿ ನಾರ್ವೆಯ ಅಮಾಂಡಾ ಪ್ರಶಸ್ತಿ ಪಡೆದರು. 2008 ಮತ್ತು 2010ರಲ್ಲಿ ಬೇರೆ ನಿರ್ದೇಶಕರಿಂದ ಇನ್ನೆರಡು ಭಾಗಗಳು ಬಂದವು. 2009ರಲ್ಲಿ ಟಾಮಿ ವಿರ್ಕೋಲ 'ಡೋಡ್ ಸ್ನೋ' ಚಿತ್ರದಲ್ಲಿ ಈಸ್ಟರ್ ರಜೆಯ ಹಿಮದಿಂದ ನಾಜಿ ಸೈನಿಕರ ಹೆಣಗಳನ್ನೇ ಎಬ್ಬಿಸಿದ. ಅಲ್ಲೂ ಹೂತದ್ದು ಹೂತಲ್ಲೇ ಉಳಿಯಲಿಲ್ಲ. ಉಥೌಗ್ 2022ರ 'ಟ್ರೋಲ್' ಚಿತ್ರದಲ್ಲಿ ಮತ್ತೆ ಬೆಟ್ಟಕ್ಕೆ ಮರಳಿ, ಈ ಸಲ ದೈತ್ಯನನ್ನೇ ಎಬ್ಬಿಸಿದ.

ಯೋಟುನ್‌ಹೈಮೆನ್ನಿನ ತಂಗುಮನೆಗಳು ಮಾತ್ರ ಮೊದಲಿನಂತೆಯೇ ಇವೆ. 1871ರಲ್ಲಿ ಶುರುವಾದ ಯೆಂಡೆಬು ಇಂದಿಗೂ ನಡೆಯುತ್ತಿದೆ. ಸಿನಿಮಾ ನೋಡಿ ಹೆದರಿದವರೂ ಮುಂದಿನ ಈಸ್ಟರ್‌ಗೆ ಹಿಮದಲ್ಲಿ ನಡೆದು, ಯಾರೋ ಸೀಳಿಟ್ಟು ಹೋದ ಸೌದೆಯಿಂದ ಒಲೆ ಹೊತ್ತಿಸುತ್ತಾರೆ. ಹೊರಡುವಾಗ ಇನ್ಯಾರಿಗೋ ತಾವೂ ಒಂದಿಷ್ಟು ಸೀಳಿಟ್ಟು ಹೋಗುತ್ತಾರೆ.