ಥಾಯ್ಲೆಂಡ್‌ನಲ್ಲಿ ವ್ಯಾಪಾರ: ಮಾಲೀಕರಿಗೂ ಬೇಕು ಕೆಲಸದ ಪರವಾನಗಿ

ಬ್ಯಾಂಕಾಕ್‌ನ ರತ್ನ ವ್ಯಾಪಾರದಲ್ಲಿ ಭಾರತದ ಜೈನ ವರ್ತಕರು ದಶಕಗಳಿಂದ ತೊಡಗಿದ್ದಾರೆ. ಮೂಡಲಪಾಳ್ಯ, ವಿಜಯನಗರ ಭಾಗದಿಂದ ಅಲ್ಲಿಗೆ ಹೋಗಿ ಅಂಗಡಿ ತೆರೆಯಬಯಸುವವರು ಈ ನಿಯಮಗಳನ್ನು ಮೊದಲೇ ತಿಳಿದಿರಬೇಕು.

ವೀಸಾ: ಪ್ರವಾಸಿ ವೀಸಾದಲ್ಲಿ ವ್ಯಾಪಾರ ನಡೆಸುವಂತಿಲ್ಲ. ‘ನಾನ್ ಇಮಿಗ್ರೆಂಟ್ ಬಿ’ ವೀಸಾದ ಜೊತೆಗೆ ಕೆಲಸದ ಪರವಾನಗಿಯೂ ಬೇಕು. ಬಂಡವಾಳ ಹಾಕಿದ ಮಾತ್ರಕ್ಕೆ ದುಡಿಯುವ ಹಕ್ಕು ಬರುವುದಿಲ್ಲ.

ಕಂಪನಿ: ಒಬ್ಬ ವಿದೇಶಿಯ ಪರವಾನಗಿಗೆ ಸಾಮಾನ್ಯವಾಗಿ 20 ಲಕ್ಷ ಬಾತ್ ಬಂಡವಾಳ ಮತ್ತು 4 ಮಂದಿ ಥಾಯ್ ನೌಕರರು ಇರಬೇಕು. 1999ರ ವಿದೇಶಿ ವ್ಯವಹಾರ ಕಾಯ್ದೆಯಡಿ ನಿರ್ಬಂಧಿತ ವ್ಯವಹಾರಗಳಲ್ಲಿ, ವಿಶೇಷ ಅನುಮತಿ ಇಲ್ಲದಿದ್ದರೆ, ವಿದೇಶಿಯರ ಪಾಲು ಅರ್ಧಕ್ಕಿಂತ ಕಡಿಮೆ ಇರಬೇಕು. ಸ್ಥಳೀಯರ ಹೆಸರಿನಲ್ಲಿ ಬೇನಾಮಿ ಪಾಲು ಇಟ್ಟರೆ 3 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ನಿಷೇಧ: ರತ್ನಗಳನ್ನು ಕತ್ತರಿಸುವುದು, ಹೊಳಪು ಕೊಡುವುದು, ಅಂಗಡಿಯಲ್ಲಿ ನಿಂತು ಮಾರುವುದು ಭಾರತೀಯರಿಗೆ ನಿಷಿದ್ಧ. ಸ್ವಂತ ಅಂಗಡಿಯಾದರೂ ಮಾಲೀಕರು ಆಡಳಿತವನ್ನಷ್ಟೇ ನೋಡಿಕೊಳ್ಳಬಹುದು.

ದಂಡ: ಪರವಾನಗಿ ಇಲ್ಲದೆ ದುಡಿದರೆ 5,000ದಿಂದ 50,000 ಬಾತ್ ದಂಡ, ಗಡೀಪಾರು. ಬಳಿಕ 2 ವರ್ಷ ಪರವಾನಗಿ ಸಿಗದು.

ತತ್ತ್ವಾರ್ಥಸೂತ್ರವು ಅಚೌರ್ಯ ಅಣುವ್ರತದ ಐದು ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ವನ್ನೂ ಎಣಿಸುತ್ತದೆ. ರಾಜ್ಯದ ನಿಯಮ ಮೀರಿ ವ್ಯವಹರಿಸುವುದು ಶ್ರಾವಕರಿಗೆ ವ್ರತದೋಷವೂ ಹೌದು.