ಟ್ರಯಾಜ್

ವಿಂಗಡಿಸು ಎಂಬರ್ಥದ ಫ್ರೆಂಚ್ ಕ್ರಿಯಾಪದ ‘ತ್ರಿಯೆ’ಯಿಂದ ಬಂದ ಪದ. ಮೊದಲು ಉಣ್ಣೆಯ, ಬಳಿಕ ಕಾಫಿ ಬೀಜದ ವಿಂಗಡಣೆಗೆ ಸಲ್ಲುತ್ತಿತ್ತು. ಒಡೆದ, ಕೀಳು ದರ್ಜೆಯ ಬೀಜಕ್ಕೂ ಅದೇ ಹೆಸರು. ನೆಪೋಲಿಯನ್ನನ ಸೇನಾ ಶಸ್ತ್ರವೈದ್ಯ ಡೊಮಿನಿಕ್ ಲಾರೆ ಹುದ್ದೆ ನೋಡದೆ ಗಾಯದ ತೀವ್ರತೆ ನೋಡಿ ಚಿಕಿತ್ಸೆ ನೀಡಿದ. ಆ ನ್ಯಾಯವಾದ ಕ್ರಮಕ್ಕೆ ಈ ಹೆಸರು ನೆಲೆಯಾದದ್ದು ಮೊದಲ ಮಹಾಯುದ್ಧದಲ್ಲಿ.

ಆಸ್ಪತ್ರೆಯಲ್ಲಿ ತೀವ್ರ ಗಾಯಗಳಿಗೆ ಚಿಕಿತ್ಸೆ ನೀಡುವ ಟ್ರಾಮಾ ತಂಡವನ್ನು ಕರೆಯುವ ನಿರ್ಧಾರವೂ ಟ್ರಯಾಜ್. ಅಮೆರಿಕದ ಶಸ್ತ್ರವೈದ್ಯರ ಕಾಲೇಜಿನ ಮಾನದಂಡದಂತೆ ವಯಸ್ಕರ ಸಿಸ್ಟಾಲಿಕ್ ರಕ್ತದೊತ್ತಡ 90ಕ್ಕಿಂತ ಇಳಿದಿದ್ದರೆ, ಕುತ್ತಿಗೆ, ಎದೆ ಅಥವಾ ಹೊಟ್ಟೆಗೆ ಗುಂಡೇಟು ಬಿದ್ದಿದ್ದರೆ ಪೂರ್ಣ ತಂಡವೇ ಬರಬೇಕು. ಅಗತ್ಯವಿಲ್ಲದೆ ಕರೆದರೆ ‘ಓವರ್‌ಟ್ರಯಾಜ್’. ಬೇಕಿದ್ದಾಗ ಕರೆಯದಿದ್ದರೆ ‘ಅಂಡರ್‌ಟ್ರಯಾಜ್’. ಎರಡನೆಯದು ಜೀವಕ್ಕೇ ಎರವಾಗಬಲ್ಲದು. ಹಾಗಾಗಿ ಅದು ಶೇ. 5 ಮೀರಬಾರದೆಂದೂ ಮೊದಲನೆಯದು ಶೇ. 25–35ರವರೆಗೆ ಇರಬಹುದೆಂದೂ ಒಪ್ಪಲಾಗಿದೆ.