ಶಿಲೆಯೂ ಬೆಳಕೂ

ಕಲ್ಲು ಬೆಳಕನ್ನು ತಡೆಯುವ ವಸ್ತುವೆಂಬುದು ಸಾಮಾನ್ಯ ತಿಳಿವಳಿಕೆ. ಗೋಡೆಯನ್ನು ಕಲ್ಲಿನಿಂದ ಕಟ್ಟಿ, ಬೆಳಕಿಗಾಗಿ ಅದರಲ್ಲಿ ಕಿಟಕಿಯನ್ನು ಬಿಡುವುದು ಲೋಕರೂಢಿ. ಆದರೆ ಈಚಿನ ವರ್ಷಗಳಲ್ಲಿ ದೊಡ್ಡ ಪಟ್ಟಣಗಳ ಶ್ರೀಮಂತರ ಮನೆಗಳಲ್ಲಿ ಹೊಸದೊಂದು ಅಲಂಕಾರವು ಕಾಣಬರುತ್ತಿದೆ. ಓನಿಕ್ಸ್ ಎಂಬ ಕಲ್ಲಿನ ತೆಳುವಾದ ಹಲಗೆಗಳನ್ನು ಗೋಡೆಗೆ ನಿಲ್ಲಿಸಿ, ಅವುಗಳ ಹಿಂದೆ ಎಲ್.ಇ.ಡಿ. ದೀಪಗಳನ್ನು ಇಡುತ್ತಾರೆ. ದೀಪ ಹತ್ತಿದೊಡನೆ ಕಲ್ಲಿನೊಳಗಿನ ಪದರುಗಳೂ ಗೆರೆಗಳೂ ಜೇನಿನ ಬಣ್ಣದಲ್ಲಿ ಬೆಳಗುತ್ತವೆ. ಕಲ್ಲನ್ನು ಬೆಳಗಿಸಬೇಕೆಂಬ ಈ ಹಂಬಲವು ಈ ಕಾಲಕ್ಕೆ ಮಾತ್ರ ಸೇರಿದುದೇ? ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಲಿನ ನಾಡಿನಲ್ಲಿ ಸಾವಿರ ವರ್ಷಗಳ ಕೆಳಗೆ ಕಲ್ಲಿನಲ್ಲಿ ಕೆಲಸ ಮಾಡಿದವರು ಬೆಳಕನ್ನು ಹೇಗೆ ನಡೆಸಿಕೊಂಡರು? ಈ ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಮೊದಲು ಕಲ್ಲಿನ ಗುಣವನ್ನು ತಿಳಿಯಬೇಕು. ವ್ಯಾಪಾರದಲ್ಲಿ ಓನಿಕ್ಸ್ ಎನಿಸಿಕೊಳ್ಳುವ ಈ ಹಲಗೆಗಲ್ಲು ಸುಣ್ಣದ ಅಂಶವುಳ್ಳ ಕ್ಯಾಲ್ಸೈಟ್. ಸುಣ್ಣವನ್ನು ಕರಗಿಸಿಕೊಂಡ ಬುಗ್ಗೆಯ ನೀರು ಆ ಸುಣ್ಣವನ್ನು ಪದರು ಪದರಾಗಿ ಬಿಟ್ಟುದರಿಂದ ಇದು ಹುಟ್ಟಿದೆ. ಇದರ ಹರಳುಗಳನ್ನು ಹೊಕ್ಕ ಬೆಳಕು ಹರಳಿನಿಂದ ಹರಳಿಗೆ ಚದರಿ ಹೊರಬರುತ್ತದೆ. ಆದುದರಿಂದ ಆಚೆಯ ವಸ್ತು ಕಾಣಿಸದಿದ್ದರೂ ಆಚೆಯ ಬೆಳಕು ಮಾತ್ರ ಮೃದುವಾಗಿ ಈಚೆ ಬರುವುದು. ಇಂಥವುಗಳಿಗೆ ಅರೆಪಾರದರ್ಶಕ ಶಿಲೆಗಳೆಂದು ಹೆಸರು. ಇವು ಮೆತುಕಲ್ಲುಗಳು, ನಿಂಬೆಯ ರಸ ಬಿದ್ದರೂ ಮೆರುಗು ಕೆಡುತ್ತದೆ.

ಇಂಥ ಶಿಲೆಗಳ ಉಪಯೋಗವು ಪಾಶ್ಚಾತ್ಯ ದೇಶಗಳಲ್ಲಿ ಬಹಳ ಹಳೆಯದು. ಗಾಜು ದುರ್ಲಭವಾಗಿದ್ದ ಕಾಲದಲ್ಲಿ ರೋಮನರು ಜಿಪ್ಸಂ ಜಾತಿಯ ತಿಳಿಗಲ್ಲನ್ನು ತೆಳ್ಳಗೆ ಸೀಳಿ ಕಿಟಕಿಗಳಿಗೆ ಹಾಕುತ್ತಿದ್ದರು. ಅದರಲ್ಲಿ ಉತ್ತಮವಾದುದು ಸ್ಪೇನ್ ದೇಶದ ಸೆಗೋಬ್ರಿಗದಲ್ಲಿ ದೊರೆಯುತ್ತಿತ್ತೆಂದು 1ನೆಯ ಶತಮಾನದ ಪ್ಲಿನಿಯು ಬರೆದಿದ್ದಾನೆ. ಆಧುನಿಕ ಗೃಹಾಲಂಕಾರದಲ್ಲಿ ಇದಕ್ಕೆ ಪ್ರಸಿದ್ಧಿ ತಂದುದು ಚೆಕ್ ದೇಶದ ಬ್ರನೋ ನಗರದಲ್ಲಿ 1930ರಲ್ಲಿ ಪೂರ್ಣವಾದ ತುಗೆಂಡ್‌ಹಾಟ್ ಮನೆ. ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹನು ಅದರ ದಿವಾಣಖಾನೆಯಲ್ಲಿ ಮೊರಾಕ್ಕೋ ದೇಶದ ಓನಿಕ್ಸಿನ ಗೋಡೆಯೊಂದನ್ನು ನಿಲ್ಲಿಸಿದನು. ಚಳಿಗಾಲದ ಸಂಜೆ ಸೂರ್ಯನು ತಗ್ಗಿದಾಗ ಆ ಗೋಡೆಯು ಕೆಂಪಾಗಿ ಬೆಳಗುತ್ತದೆ. ಅಲ್ಲಿ ಕಲ್ಲಿನ ಹಿಂದಿನ ದೀಪವು ಸೂರ್ಯನೇ. 1963ರಲ್ಲಿ ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯವು ತನ್ನ ಅಪೂರ್ವ ಗ್ರಂಥಗಳಿಗಾಗಿ ತೆರೆದ ಬೈನೆಕೆ ಭಂಡಾರದ ಗೋಡೆಗಳಿಗೆ ಒಂದೂಕಾಲು ಅಂಗುಲ ದಪ್ಪದ ಅಮೃತಶಿಲೆಯ ಹಲಗೆಗಳನ್ನು ಕೂಡಿಸಿದ್ದಾರೆ. ಹಗಲಿನ ಬೆಳಕು ಒಳಗೆ ಬರಬೇಕು, ಬಿಸಿಲು ಪುಸ್ತಕಗಳನ್ನು ಕೆಡಿಸಬಾರದು ಎಂಬುದೇ ಅದರ ಉದ್ದೇಶ.

ಇನ್ನು ಈ ನಾಡಿನ ಕಡೆಗೆ ಬರೋಣ. ರೋಣದ ಉತ್ತರಕ್ಕೆ ಮಲಪ್ರಭೆಯ ಕಣಿವೆಯಲ್ಲಿರುವುದು ಮರಳುಗಲ್ಲು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳು ಆ ಕಲ್ಲಿನವು. ಗಜೇಂದ್ರಗಡದ ಕಾಲಕಾಲೇಶ್ವರನು ನೆಲೆಸಿರುವ ಬೆಟ್ಟವೂ ಮರಳುಗಲ್ಲಿನದೇ. ದಕ್ಷಿಣಕ್ಕೆ ಲಕ್ಕುಂಡಿಯ ಕಡೆ ಬಳಪದ ಕಲ್ಲು. ಒಂದರಲ್ಲಿ ಮರಳಿನ ಕಣಗಳೂ ಕಬ್ಬಿಣದ ಕೆಂಪೂ, ಇನ್ನೊಂದರಲ್ಲಿ ಕರಿಹಸುರಿನ ದಟ್ಟವಾದ ಖನಿಜಗಳೂ ಬೆಳಕನ್ನು ನುಂಗಿಬಿಡುತ್ತವೆ. ಎಷ್ಟೇ ತೆಳ್ಳಗೆ ಕೊಯ್ದು ಹಿಂದೆ ದೀಪವನ್ನಿಟ್ಟರೂ ಇವುಗಳಿಂದ ಹಲಗೆಯ ದೀಪವು ಆಗದು. ಹೀಗೆ ಕುರುಡುಕಲ್ಲುಗಳೇ ಕೈಗೆ ದೊರೆತಾಗ ಇಲ್ಲಿಯ ರೂವಾರಿಗಳು ಎರಡು ಮಾರ್ಗಗಳನ್ನು ಹಿಡಿದರು.

ಮೊದಲನೆಯದು ಜಾಲಂದ್ರ. ಒಂದೇ ಹಲಗೆಗಲ್ಲನ್ನು ಚಕ್ರ, ಸ್ವಸ್ತಿಕ, ಬಳ್ಳಿ ಮೊದಲಾದ ಆಕೃತಿಗಳಾಗಿ ಕೊರೆದು, ಕಲ್ಲಿನ ನಡುನಡುವೆ ಬೆಳಕಿಗೆ ದಾರಿ ಮಾಡಿಕೊಟ್ಟರು. ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಸುಮಾರು 740ರಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಗೋಡೆಗಳಲ್ಲಿ ಇಂಥ ಜಾಲಂದ್ರಗಳು ಬಗೆಬಗೆಯಾಗಿವೆ. ಪಟ್ಟದಕಲ್ಲಿನ ಸೀಮೆಗೆ ಕಿಸುಕಾಡು ಎಪ್ಪತ್ತು ಎಂದು ಹೆಸರು. 11ನೆಯ ಶತಮಾನದಲ್ಲಿ ಆ ನಾಡನ್ನು ಆಳಿದವಳು ಚಾಳುಕ್ಯ ರಾಜಕುಮಾರಿ ಅಕ್ಕಾದೇವಿ. ಆಕೆಯ ಶಾಸನಗಳುಳ್ಳ ಸೂಡಿಯು ಗಜೇಂದ್ರಗಡದ ನೆರೆಯಲ್ಲಿಯೇ ಇದೆ. ಆ ಕಾಲದ ಗುಡಿಗಳಲ್ಲಿ ನವರಂಗದಿಂದ ಅಂತರಾಳಕ್ಕೆ ಹೋಗುವ ಬಾಗಿಲಿನ ಎರಡೂ ಪಕ್ಕಗಳಲ್ಲಿ ಜಾಲಂದ್ರಗಳನ್ನು ಇಡುವ ಪದ್ಧತಿಯು ಬೇರೂರಿತು. ಹೊರಗಿನ ಬೆಳಕು ಮಂಟಪವನ್ನು ದಾಟಿ, ಕಲ್ಲಿನ ದಪ್ಪದಲ್ಲಿ ತಾಗಿ ತಣಿದು, ಮಬ್ಬಾಗಿ ಒಳಗೆ ಇಳಿಯುತ್ತದೆ. ಗರ್ಭಗೃಹದ ಎಣ್ಣೆಯ ದೀಪವು ಆ ಮಬ್ಬಿನಲ್ಲಿಯೇ ಶೋಭಿಸತಕ್ಕದ್ದು.

ಈ ವಿದ್ಯೆ ಇಲ್ಲಿಯೇ ನಿಲ್ಲಲಿಲ್ಲ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ತೆರೆದ ಮಂಟಪಕ್ಕೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಜಾಲಂದ್ರಗಳನ್ನು ಕೂಡಿಸಿದರು. 17ನೆಯ ಶತಮಾನದ ವಿಜಾಪುರದ ಇಬ್ರಾಹಿಂ ರೋಜಾದಲ್ಲಂತೂ ಕಲ್ಲಿನ ಕಿಟಕಿಗಳನ್ನು ಅರಬ್ಬೀ ಅಕ್ಷರಗಳ ಆಕಾರದಲ್ಲಿಯೇ ಕೊರೆದಿರುವುದರಿಂದ ಬೆಳಕು ಬರಹದ ನಡುವಿನಿಂದಲೇ ಸುರಿಯುತ್ತದೆ. ಧರ್ಮ ಬೇರೆ, ಅರಸರು ಬೇರೆ. ಕಲ್ಲಿನ ಮರ್ಮವನ್ನು ಅರಿತ ಕೈಗಳ ಜಾಣ್ಮೆ ಒಂದೇ.

ಎರಡನೆಯ ಮಾರ್ಗವು ಮೆರುಗಿನದು. ಬಳಪದ ಕಲ್ಲು ಮೆದುವಾಗಿದ್ದು ಉಳಿಗೂ ತಿರುಗಣೆಗೂ ಒಗ್ಗುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು 1007ರ ಸುಮಾರಿಗೆ ಬಸದಿಯನ್ನು ಕಟ್ಟಿಸಿದ ಲಕ್ಕುಂಡಿಯಲ್ಲಿಯೇ ಕಾಶಿವಿಶ್ವೇಶ್ವರನ ಗುಡಿಯಿದೆ. ಅದರ ಕಡೆದ ಕಂಬಗಳ ಮೈಮೇಲೆ ಬಾಗಿಲಿನ ಬೆಳಕು ಬಿದ್ದು ಪ್ರತಿಫಲಿಸುತ್ತದೆ. ಬೆಳಕನ್ನು ಒಳಗೆ ಬಿಡದ ಕಲ್ಲು ಅದನ್ನು ಮೈಮೇಲೆ ಹೊತ್ತು ಮುಂದಿನ ಕಂಬಕ್ಕೆ ದಾಟಿಸುತ್ತದೆ.

ದೇವರ ಮನೆಗೆ ಸಲ್ಲುತ್ತಿದ್ದ ಈ ಎಚ್ಚರವು ಜನರ ಮನೆಗಳಲ್ಲಿಯೂ ಇತ್ತು. ನರಗುಂದ, ರೋಣಗಳ ಎರೆಭೂಮಿಯ ಮನೆಗಳು ದಪ್ಪ ಗೋಡೆಯವು, ಮಣ್ಣಿನ ಮಾಳಿಗೆಯವು. ಬೇಸಿಗೆಯ ಉರಿಗೂ ಕಳ್ಳರಿಗೂ ಅಂಜಿ ಹೊರಗೋಡೆಗಳಲ್ಲಿ ಕಿಟಕಿಗಳನ್ನು ಕಡಿಮೆ ಬಿಡುತ್ತಿದ್ದರು. ಆದರೆ ಮಾಳಿಗೆಯಲ್ಲಿ ಬೆಳಕಿಂಡಿಯೊಂದು ತಪ್ಪದು. ಅದರಿಂದಿಳಿದ ಬಿಸಿಲುಕೋಲು ಅಡಿಗೆಯ ಮನೆಯ ನೆಲದಲ್ಲಿ ಸರಿಯುವುದನ್ನು ನೋಡಿ ಹೆಂಗಸರು ಹೊತ್ತನ್ನು ಅಳೆಯುತ್ತಿದ್ದರು. ಮಳೆ ಬಂದರೆ ಮಾಳಿಗೆಯನ್ನೇರಿ ಅದನ್ನು ಮುಚ್ಚಿ ಬರುವುದು ಹುಡುಗರ ಕೆಲಸ. ಇದಕ್ಕೆ ಹಣ ಬೇಕಾಗಿರಲಿಲ್ಲ; ಸೂರ್ಯನು ಯಾವ ಹೊತ್ತಿಗೆ ಎಲ್ಲಿರುವನೆಂಬ ಅರಿವು ಮಾತ್ರ ಬೇಕಾಗಿತ್ತು.

ಈ ಅರಿವೇ ಈಗ ಕ್ಷೀಣವಾಗುತ್ತಿದೆ. ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನ ಚಾವಣಿ ಬಂದಲ್ಲಿ ಬೆಳಕಿಂಡಿಯೂ ಹೋಯಿತು. ನಡುಮನೆಯಲ್ಲಿ ಹಾಡುಹಗಲೇ ವಿದ್ಯುದ್ದೀಪ ಬೇಕಾಯಿತು. ಎಷ್ಟೋ ಹಳ್ಳಿಗಳ ಹಳೆಯ ಗುಡಿಗಳಲ್ಲಿ ಭಕ್ತಿಯ ಭರದಿಂದಲೇ ಕಂಬಗಳಿಗೆ ಎಣ್ಣೆಬಣ್ಣವನ್ನು ಬಳಿದಿದ್ದಾರೆ. ಮೆರುಗು ಬಣ್ಣದ ಕೆಳಗೆ ಅಡಗಿಹೋದ ಮೇಲೆ ಕೊಳವೆದೀಪಗಳನ್ನು ತೂಗುಹಾಕಿದ್ದಾರೆ. ಜಾಲಂದ್ರದ ಕಂಡಿಗಳಲ್ಲಿ ಗಿಲಾವು ತುಂಬಿದರಂತೂ ಆ ಶಿಲ್ಪವು ಬರಿಯ ಗೋಡೆಯೇ ಆಗುವುದು. ಒಂದು ಕಡೆ ದೂರದೇಶದ ಬೆಳಗುವ ಕಲ್ಲನ್ನು ಬಹಳ ಬೆಲೆ ಕೊಟ್ಟು ತರಿಸುತ್ತಾರೆ. ಇನ್ನೊಂದು ಕಡೆ, ಕುರುಡುಕಲ್ಲಿಗೆ ಬೆಳಕನ್ನು ಕಲಿಸಿದ ಊರಿನ ಕೆಲಸವು ಕಣ್ಣೆದುರಿಗೇ ಮುಚ್ಚಿಹೋಗುತ್ತದೆ.

ಹೊಸ ಅಲಂಕಾರವನ್ನು ಹಳಿಯಬೇಕಾದ ಕಾರಣವಿಲ್ಲ. ಓನಿಕ್ಸಿನ ಸೊಬಗು ನಿಜವಾದುದೇ. ಆದರೆ ದೀಪವಾರಿದೊಡನೆ ಆ ಗೋಡೆಯ ಕಾಂತಿ ಆರುವುದು. ಪಟ್ಟದಕಲ್ಲಿನ ಜಾಲಂದ್ರವಾದರೋ ಸುಮಾರು 1,280 ವರ್ಷಗಳಿಂದ ಪ್ರತಿದಿನದ ಬೆಳಗಿನೊಡನೆ ತಾನೇ ಬೆಳಗುತ್ತ ಬಂದಿದೆ. ರೋಣ, ಸೂಡಿ, ಗಜೇಂದ್ರಗಡಗಳ ಸೀಮೆಯಲ್ಲಿ ಮನೆ ಕಟ್ಟುವವರು ಚಾವಣಿಯಲ್ಲೊಂದು ಬೆಳಕಿಂಡಿಯನ್ನು ಬಿಡುವುದು ಅಸಾಧ್ಯವಲ್ಲ. ಊರಿನ ಗುಡಿಯನ್ನು ಜೀರ್ಣೋದ್ಧಾರ ಮಾಡುವ ಹಿರಿಯರು ಬಣ್ಣದ ಡಬ್ಬಿಯನ್ನು ತೆರೆಯುವ ಮೊದಲು ಬೆಳಿಗ್ಗೆ ಒಂದು ಗಳಿಗೆ ನವರಂಗದಲ್ಲಿ ಕುಳಿತು, ಬೆಳಕು ಎಲ್ಲಿಂದ ಬಂದು ಎಲ್ಲಿ ನಿಲ್ಲುವುದೆಂಬುದನ್ನು ನೋಡಿದರೆ ಸಾಕು. ಕಟ್ಟಿದವರು ಹೇಳಬೇಕಾದುದನ್ನು ಆ ಬೆಳಕೇ ಹೇಳುವುದು.